ಬಿಸಿಲಿನ ಚಿಂತೆ ಬಿಡು, ಉಪ್ಪುಗಾಳಿ ನೋಡು

ತಮ್ಮಾ, ಅಂಗಡಿಯ ಮಾಡಿಗೆ ಸೋಲಾರ್ ಹಾಕಿಸುತ್ತೇನೆ ಎಂದಿದ್ದೀ. ಒಳ್ಳೆಯದೇ. ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ ಮಿತಿಯೊಳಗಿನ ಮನೆಗಳಿಗೆ ಬಿಲ್ಲಿನ ಬಿಸಿ ಅಷ್ಟಾಗಿ ತಟ್ಟುತ್ತಿಲ್ಲ. ಗಿರಣಿ, ಕ್ಯಾಂಟೀನು, ಐಸ್ ಪ್ಲಾಂಟು ನಡೆಸುವವರಿಗೆ ಆ ಭಾಗ್ಯವಿಲ್ಲ. ಹಾಗಾಗಿ ಈ ಲೆಕ್ಕ ನಿಜವಾಗಿ ಕೂಡಿಬರಬೇಕಾದ್ದು ನಿನ್ನಂಥವರಿಗೇ. ಆದರೆ ಏಜೆಂಟರು ಕೊಡುವ ಬಣ್ಣದ ಕಾಗದದಲ್ಲಿ ಬಿಸಿಲಿನ ಲೆಕ್ಕ ಬಿಟ್ಟರೆ ಬೇರೇನೂ ಇರುವುದಿಲ್ಲ. ಮಂಗಳೂರಿನಿಂದ ಕಾರವಾರದವರೆಗೆ ಬಿಸಿಲಿಗೆ ಬರ ಬಂದದ್ದುಂಟೇ? ನೀನು ನೋಡಬೇಕಾದ್ದು ನಿನ್ನ ವ್ಯಾಪಾರ ಯಾವ ಹೊತ್ತಿನಲ್ಲಿ ನಡೆಯುತ್ತದೆ, ಕಡಲು ನಿನ್ನ ಮಾಡಿಗೆ ಎಷ್ಟು ಹತ್ತಿರ ಎಂಬುದನ್ನು.

ಮೊದಲು ಸಬ್ಸಿಡಿ ಆಸೆ ಬಿಟ್ಟುಬಿಡು. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಮತ್ತು ಮೇಲಕ್ಕೆ 78,000 ರೂಪಾಯಿ ಸಿಗುವುದು ಮನೆಯ ಮೀಟರಿಗೆ ಮಾತ್ರ. ಮನೆಯ ಹೆಸರಲ್ಲಿ ಹಾಕಿಸಿ ಅಂಗಡಿಗೆ ವೈರು ಎಳೆಯುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕಿವಿಗೊಡಬೇಡ, ಸಿಕ್ಕಿಬಿದ್ದ ದಿನ ಅವನು ಇರುವುದಿಲ್ಲ. ಸೋಲಾರಿಗೆ ವರ್ಷಕ್ಕೆ ಶೇಕಡ 40 ಸವಕಳಿ ತೋರಿಸಬಹುದು, ತೆರಿಗೆ ಉಳಿಯುತ್ತದೆ ಎಂದೂ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ನಮ್ಮ ಪೇಟೆಯ ಎಷ್ಟೋ ಅಂಗಡಿಯವರ ಹಾಗೆ ವಹಿವಾಟಿನ ಇಂತಿಷ್ಟು ಶೇಕಡ ಲಾಭ ಎಂದು ಅಂದಾಜಿನ ಮೇಲೆ ತೆರಿಗೆ ಕಟ್ಟುವವನು ನೀನಾದರೆ, ಸವಕಳಿ ಅದರೊಳಗೇ ಸೇರಿಹೋಗಿರುತ್ತದೆ; ಪ್ರತ್ಯೇಕ ಲಾಭವಿಲ್ಲ. ನಿನ್ನ ಲೆಕ್ಕ ಬರೆಯುವವರನ್ನು ಒಂದು ಮಾತು ಕೇಳು.

ಈಗ ಹೊತ್ತಿನ ವಿಚಾರ. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ವರ್ಷದ ಸರಾಸರಿ ತೆಗೆದರೆ ದಿನಕ್ಕೆ ನಾಲ್ಕು ಯೂನಿಟ್ ಆಚೀಚೆ ಬರುತ್ತದೆ. ಅದರ ಬಹುಪಾಲು ಬರುವುದು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರೊಳಗೆ. ಹಿಟ್ಟಿನ ಗಿರಣಿ, ಎಣ್ಣೆ ಗಾಣ, ಗೋಡಂಬಿ ಕಾರ್ಖಾನೆ, ಹೊಲಿಗೆ ಅಂಗಡಿ, ಜೆರಾಕ್ಸ್ ಅಂಗಡಿ ಇವೆಲ್ಲ ಹಗಲಿನ ಉದ್ಯೋಗಗಳು, ಕಣ್ಣುಮುಚ್ಚಿ ಮುಂದುವರಿಯಬಹುದು. ಸಂಜೆ ಏಳಕ್ಕೆ ಮೀನು ಫ್ರೈ ಶುರುಮಾಡುವ ಹೋಟೆಲಿನ ಕತೆ ಬೇರೆ. ಅಲ್ಲಿ ಹಗಲು ಮೂಡಿದ ಕರೆಂಟೆಲ್ಲ ಲೈನಿಗೆ ಹೋಗುತ್ತದೆ. ಹಾಗೆ ಹೋದದ್ದಕ್ಕೆ ಏನು ಸಿಗುತ್ತದೆಂದು ಹೇಳುವ ನೆಟ್ ಮೀಟರಿಂಗ್ ಕರಾರಿನ ಷರತ್ತುಗಳ ಮೇಲೆ ನಿನ್ನ ಲಾಭ ನಿಂತಿರುತ್ತದೆ. ಮೆಸ್ಕಾಂ ಆಗಲಿ ಹೆಸ್ಕಾಂ ಆಗಲಿ, ಕಚೇರಿಗೆ ನೀನೇ ಹೋಗಿ ನಿನ್ನ ಮಂಜೂರಾದ ಲೋಡ್ ಎಷ್ಟು, ಹೆಚ್ಚಾದ ಯೂನಿಟ್ಟಿಗೆ ಈಗ ಎಷ್ಟು ಕೊಡುತ್ತಾರೆ ಎಂದು ಕೇಳಿ ಬಾ. ಏಜೆಂಟರ ಬಾಯಿಂದ ಬೇಡ.

ನಮ್ಮೂರಿನ ಋತುಮಾನದಲ್ಲಿ ಒಂದು ಅನುಕೂಲ ಅಡಗಿದೆ, ಘಟ್ಟದ ಮೇಲಿನವರಿಗೆ ಇದು ಹೊಳೆಯುವುದಿಲ್ಲ. ಮಳೆಗಾಲದಲ್ಲಿ ಸೋಲಾರ್ ಅರ್ಧಕ್ಕಿಂತ ಕೆಳಗಿಳಿಯುವ ದಿನಗಳಿವೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟು ದಡದಲ್ಲಿದ್ದರೆ ಐಸಿಗೆ ಗಿರಾಕಿ ಎಲ್ಲಿ? ಬಿಸಿಲು ಕೈಕೊಡುವ ಹೊತ್ತಿಗೇ ಮಲ್ಪೆ, ಗಂಗೊಳ್ಳಿಯ ಐಸ್ ಪ್ಲಾಂಟುಗಳ ಖರ್ಚೂ ಇಳಿದಿರುತ್ತದೆ. ಕಡಲತೀರದ ಹೋಮ್‌ಸ್ಟೇಗಳಿಗೂ ಹಾಗೆಯೇ, ಅವರ ಸೀಸನ್ ಅಕ್ಟೋಬರ್ ದಾಟಿ ಮೇವರೆಗೆ. ಆಗಸ್ಟ್ ತಿಂಗಳು ಮಾತ್ರ ಲೆಕ್ಕ ತಪ್ಪಿಸುತ್ತದೆ, ಬೋಟು ಇಳಿದರೂ ಮೋಡ ಚದುರುವುದಿಲ್ಲ. ಹಾಗೆಂದು ಇಡೀ ಐಸ್ ಪ್ಲಾಂಟನ್ನೇ ಸೋಲಾರ್ ಓಡಿಸೀತು ಎಂದುಕೊಳ್ಳಬೇಡ. 50 ಎಚ್‌ಪಿ ಕಂಪ್ರೆಸರ್ ಎಂದರೆ 37 ಕಿಲೋವ್ಯಾಟ್. ಅಷ್ಟಕ್ಕೇ ಮೂರೂವರೆ ಸಾವಿರ ಚದರಡಿ ಮೀರಿದ ಮಾಡು ಬೇಕು, ಅದೂ ನಡುಹಗಲಿನ ಕೆಲವು ಗಂಟೆಗೆ. ಬಿಲ್ಲು ಇಳಿಯುತ್ತದೆ, ಮೀಟರು ಹೋಗುವುದಿಲ್ಲ.

ಇನ್ನು ಉಪ್ಪು. ಕಡಲಿನಿಂದ ಕೂಗಳತೆಯಲ್ಲಿದ್ದೀ, ಕಿಟಕಿಯ ಸರಳು ಎಷ್ಟು ಬೇಗ ತುಕ್ಕು ಹಿಡಿಯುತ್ತದೆಂದು ನಿನಗೇ ಗೊತ್ತು. ಪ್ಯಾನಲಿನ ಗಾಜು ಕೆಡುವುದಿಲ್ಲ, ಕೆಡುವುದು ಅದನ್ನು ಹಿಡಿದಿಟ್ಟ ಕಬ್ಬಿಣ. ಕಡಿಮೆ ದರದ ಕೊಟೇಶನ್ನಿನಲ್ಲಿ ಹಣ ಉಳಿಸಿರುವುದು ಬಹುತೇಕ ಇಲ್ಲಿಯೇ. ಬಣ್ಣ ಬಳಿದ ಸ್ಟ್ಯಾಂಡು ಬೇಡ. ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ್ದು ಅಥವಾ ಅಲ್ಯೂಮಿನಿಯಂ ಬೇಕು. ಗ್ಯಾಲ್ವನೈಸ್ ಮಾಡಿದ ಮೇಲೆ ಸೈಟಿನಲ್ಲಿ ತೂತು ಕೊರೆದರೆ, ವೆಲ್ಡ್ ಮಾಡಿದರೆ ತುಕ್ಕು ಅಲ್ಲಿಂದಲೇ ಶುರು. ನಟ್ಟು ಬೋಲ್ಟು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಎಂದು ಕೊಟೇಶನ್ನಿನಲ್ಲೇ ಬರೆಸಿಕೋ. ಅಲ್ಯೂಮಿನಿಯಮ್ಮೂ ಕಬ್ಬಿಣವೂ ನೇರ ತಾಗಿದರೆ ಉಪ್ಪುತೇವದಲ್ಲಿ ಅಲ್ಯೂಮಿನಿಯಂ ಕರಗುತ್ತಾ ಬರುತ್ತದೆ, ನಡುವೆ ರಬ್ಬರ್ ವಾಷರ್ ಇರಲಿ. ಪ್ಯಾನಲಿಗೆ ಐಇಸಿ 61701 ಎಂಬ ಉಪ್ಪುಮಂಜಿನ ಪರೀಕ್ಷೆಯ ಸರ್ಟಿಫಿಕೇಟ್ ಕೇಳು. ವಾರಂಟಿ ಕಾಗದದ ಸಣ್ಣಕ್ಷರವನ್ನೂ ಓದು. ಕಡಲಿಗೆ ತೀರಾ ಹತ್ತಿರವಿದ್ದರೆ ಬೇರೆ ಷರತ್ತು ಹಾಕುವ ಕಂಪನಿಗಳಿವೆ. ಇನ್ವರ್ಟರನ್ನು ಪಡುಗಾಳಿ ಹೊಡೆಯುವ ಗೋಡೆಗೆ ತೂಗುಹಾಕಿಸಬೇಡ, ಫ್ಯಾನ್ ಇಲ್ಲದ ಮಾದರಿ ಸಿಕ್ಕಿದರೆ ಅದನ್ನೇ ಆರಿಸು. ಫ್ಯಾನ್ ಹೊರಗಿನ ಉಪ್ಪುಗಾಳಿಯನ್ನು ಒಳಗೆಳೆದುಕೊಂಡು ಬೋರ್ಡನ್ನು ತಿನ್ನಿಸುತ್ತದೆ.

ಮಾಡು ಯಾವುದು? ಮಂಗಳೂರು ಹಂಚಿನ ಮೇಲೆ ಹತ್ತಿಳಿಯುತ್ತ ಹಂಚು ಒಡೆದರೆ ಮೊದಲ ಮಳೆಗೇ ಗೊತ್ತಾಗುತ್ತದೆ. ಟೆರೇಸು ಸೋರದಿರಲೆಂದು ನಾವೆಲ್ಲ ಮೇಲೊಂದು ತಗಡಿನ ಮಾಡು ಎಬ್ಬಿಸಿದ್ದೇವಲ್ಲ, ಅದರ ಮೇಲಾದರೆ ತಗಡಿನ ಆಯಸ್ಸು ಮೊದಲು ನೋಡು. ಪ್ಯಾನಲು 25 ವರ್ಷಕ್ಕೆ, ತಗಡು ಹತ್ತು ವರ್ಷಕ್ಕೆ ಎಂದಾದರೆ ನಡುವೆ ಎಲ್ಲ ಬಿಚ್ಚಿ ಮತ್ತೆ ಜೋಡಿಸುವ ಖರ್ಚು ನಿನ್ನದೇ. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತದ ಗಾಳಿಯನ್ನು ನೆನೆದುಕೊಂಡು ಪ್ಯಾನಲು ಹೊರುವ ಚೌಕಟ್ಟು ಕಟ್ಟಿಸು. ಪಕ್ಕದ ಮನೆಯ ತೆಂಗಿನಮರವನ್ನೂ ಮರೆಯಬೇಡ. ಒಂದು ಮಡಲಿನ ನೆರಳು ಒಂದು ಪ್ಯಾನಲಿಗೆ ಬಿದ್ದರೆ ಸಾಕು, ಅದರೊಟ್ಟಿಗೆ ಸಾಲಾಗಿ ಜೋಡಿಸಿದ್ದೆಲ್ಲ ಸೊರಗಬಹುದು. ಬಂದರಿನ ಹತ್ತಿರವಾದರೆ ಕಾಗೆ, ಗಿಡುಗ ಮೀನಿನ ಮುಳ್ಳು ತಂದು ಹಾಕುವುದೂ ಉಂಟು. ತೊಳೆಯುವುದು ಬೆಳಗಿನ ತಂಪಿನಲ್ಲಿ, ಸವಳು ಬಾವಿಯ ನೀರಲ್ಲಲ್ಲ, ಸಿಹಿನೀರಿನಲ್ಲಿ.

ಕರೆಂಟು ಹೋದಾಗ ಸೋಲಾರ್ ಇದ್ದೂ ಅಂಗಡಿ ಕತ್ತಲಾದೀತು, ಗಾಬರಿಯಾಗಬೇಡ. ಲೈನ್‌ಮ್ಯಾನ್ ಕಂಬ ಹತ್ತಿದಾಗ ನಿನ್ನ ಮಾಡಿನ ಕರೆಂಟು ಅವನ ಜೀವ ತೆಗೆಯದಿರಲೆಂದು ಬ್ಯಾಟರಿಯಿಲ್ಲದ ಆನ್‌ಗ್ರಿಡ್ ಇನ್ವರ್ಟರ್ ತಾನೇ ನಿಲ್ಲುತ್ತದೆ. ಮೀನಿನ ಫ್ರೀಜರ್ ಇರುವವನಾದರೆ ಹೈಬ್ರಿಡ್ ಇನ್ವರ್ಟರೂ ಸಣ್ಣ ಬ್ಯಾಟರಿಯೂ ಮೊದಲೇ ಲೆಕ್ಕದಲ್ಲಿರಲಿ. ಏಪ್ರಿಲ್-ಮೇ ಸಿಡಿಲಿಗೆ ಸರ್ಜ್ ರಕ್ಷಕವೂ ಅರ್ಥಿಂಗೂ ಬೇಕೇ ಬೇಕು. ನಮ್ಮ ಮುರಕಲ್ಲಿನ ನೆಲ ಒಣಗಿ ಅರ್ಥಿಂಗ್ ಸೋಲುವುದೂ ಅದೇ ತಿಂಗಳುಗಳಲ್ಲಿ.

ಸಾಲದ ಮಾತು ಕೊನೆಗೆ. 1928ರಲ್ಲಿ ದಿನದ ಎರಡಾಣೆ ಎತ್ತಿ ಪಿಗ್ಮಿ ಕಟ್ಟಿಸಿದ ಬ್ಯಾಂಕು ಹುಟ್ಟಿದ ಉಡುಪಿ ಇದು. 1995ರಲ್ಲಿ ಸೆಲ್ಕೋ ಶುರುಮಾಡಿ 2011ರಲ್ಲಿ ಮ್ಯಾಗ್ಸೆಸೆ ಪಡೆದ ಹರೀಶ್ ಹಂದೆಯವರು ಬಡವರ ಮನೆಗೆ ಸೋಲಾರ್ ತಲುಪಿಸಿದ್ದೂ ದುಡಿಮೆಗೆ ಹೊಂದುವ ಕಂತು ಮಾಡಿಸಿಯೇ. ಜೂನ್-ಜುಲೈಗೆ ಕಂತು ಹಗುರವಾಗಲಿ ಎಂದು ನೀನೂ ಮ್ಯಾನೇಜರಿಗೆ ಕೇಳು, ನಾಚಿಕೆಪಡಬೇಡ. ಕಡೆಯ ಕಂತಿನ ಹಣವನ್ನು ಮಾತ್ರ ದ್ವಿಮುಖ ಮೀಟರ್ ಕೂತು ಮೊದಲ ಬಿಲ್ಲು ಕೈಗೆ ಬರುವವರೆಗೆ ಗುತ್ತಿಗೆದಾರನಿಗೆ ಕೊಡಬೇಡ. ಕೆಲಸವನ್ನು ಮಳೆ ಬಿಟ್ಟ ಮೇಲೆ, ನವೆಂಬರಿನಲ್ಲಿ ಶುರುಮಾಡಿಸು. ಮೇ ತಿಂಗಳಲ್ಲಿ ಅವಸರ ಮಾಡುವವನಿಗೆ ಅಡ್ವಾನ್ಸ್ ಕೊಡಬೇಡ.