ವಯಸ್ಸಾದ ಕಣ್ಣಿಗೆ ಒಗ್ಗುವ ಕೋವಿಯ ಸೈಟು

ದುರ್ಬೀನಿಲ್ಲದ ಕೋವಿಯಲ್ಲಿ ಗುರಿ ಹಿಡಿಯುವ ಕಣ್ಣು ಮೂರನ್ನು ಒಂದೇ ಗೆರೆಗೆ ತರಬೇಕು: ಹತ್ತಿರದ ಬ್ಯಾಕ್‌ಸೈಟ್, ನಳಿಗೆಯ ತುದಿಯ ಫೋರ್‌ಸೈಟ್, ದೂರದ ಗುರಿ. ಎಳೆಯ ಕಣ್ಣಿಗೂ ಮೂರೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಬೇಗ ಹೊರಳುವುದರಿಂದ ಕೊರತೆ ತಿಳಿಯುವುದಿಲ್ಲ, ಅಷ್ಟೆ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಡುಸಾಗುತ್ತದೆ. ಮೊದಲು ಬ್ಯಾಕ್‌ಸೈಟಿನ ಕಚ್ಚಿನ ಅಂಚು ಮಸುಕಾಗುತ್ತದೆ, ಆಮೇಲೆ ಫೋರ್‌ಸೈಟ್.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಭಾರತದಲ್ಲಿ ಬೇಟೆಗೆ ನಿಷೇಧವಿದೆ. ಆದರೂ ಕೊಡಗಿನಲ್ಲಿ ಕೋವಿ ಮನೆತನದ ವಸ್ತುವಾಗಿ ಉಳಿದಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುತ್ತದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಹೊರಬರುತ್ತದೆ. ಅಲ್ಲಿ ಹಿರಿಯರೂ ಕಿರಿಯರೂ ಒಂದೇ ಕಾಯಿಗೆ ಗುರಿಯಿಡುತ್ತಾರೆ.

ಎರಡು ಸೈಟುಗಳ ನಡುವೆ 50 ಸೆಂ.ಮೀ. ಅಂತರವಿದ್ದರೆ, ಫೋರ್‌ಸೈಟ್ 1 ಮಿ.ಮೀ. ಓರೆಯಾದರೂ 50 ಮೀಟರ್ ದೂರದಲ್ಲಿ ಗುಂಡು 10 ಸೆಂ.ಮೀ. ಆಚೆ ಬೀಳುತ್ತದೆ, ಕಾಯಿ ಹಾಗೇ ಉಳಿಯುತ್ತದೆ. ಗುರಿಯೇ ತುಸು ಮಂಜಾದರೆ ಇಷ್ಟು ನಷ್ಟವಿಲ್ಲ, ಮಂಜಾದ ಉಂಡೆಯ ನಡುವನ್ನೂ ಕಣ್ಣು ಅಂದಾಜು ಮಾಡಬಲ್ಲದು. ಆದ್ದರಿಂದ ಏನೇ ಬದಲಿಸಿದರೂ ಫೋರ್‌ಸೈಟನ್ನು ಸ್ಪಷ್ಟವಾಗಿ ಉಳಿಸಿಕೊಳ್ಳುವುದೇ ಉದ್ದೇಶವಾಗಬೇಕು.

ಹಿರಿಯರಿಗೆ ಅತ್ಯಂತ ಹೆಚ್ಚು ನೆರವಾಗುವುದು ಕಿಂಡಿಯಿರುವ ಬ್ಯಾಕ್‌ಸೈಟ್. ಲೀ-ಎನ್‌ಫೀಲ್ಡ್ ರೈಫಲಿನ ನಂ. 1 ಮಾರ್ಕ್ 3ರಲ್ಲಿ ತೆರೆದ ಕಚ್ಚು ನಳಿಗೆಯ ಮೇಲಿತ್ತು, ನಂ. 4ರಲ್ಲಿ ಕಿಂಡಿ ಕಣ್ಣಿನ ಸಮೀಪಕ್ಕೆ ಬಂತು. ಕಿಂಡಿಯನ್ನು ದಿಟ್ಟಿಸಿ ನೋಡಬೇಕಾಗಿಲ್ಲ, ಅದರ ಮೂಲಕ ನೋಡಿದರೆ ಸಾಕು. ಫೋರ್‌ಸೈಟನ್ನು ನಡುವಿಗೆ ತರುವುದು ಕಣ್ಣಿಗೆ ಸಹಜವಾಗಿ ಬರುತ್ತದೆ. ಸಣ್ಣ ರಂಧ್ರದಿಂದಾಗಿ ಹತ್ತಿರದ್ದೂ ದೂರದ್ದೂ ಒಟ್ಟಿಗೆ ತಿಳಿಯಾಗುತ್ತವೆ. ಆದರೆ ರಂಧ್ರ ಕಿರಿದಾದಷ್ಟೂ ಬೆಳಕು ಕಡಿಮೆ. ವಯಸ್ಸಾದವರ ಕಣ್ಣಿನ ಪಾಪೆ ಮಬ್ಬಿನಲ್ಲಿ ಮೊದಲಿನಂತೆ ಅರಳುವುದಿಲ್ಲ; ಬಿಸಿಲಿನ ಮೈದಾನದಲ್ಲಿ ಚೆನ್ನಾಗಿದ್ದ 1 ಮಿ.ಮೀ. ಕಿಂಡಿ ಹಬ್ಬ ಬರುವ ಸೆಪ್ಟೆಂಬರಿನ ಮೋಡದಲ್ಲಿ, ಕಾಫಿ ತೋಟದ ನೆರಳಿನಲ್ಲಿ ಕತ್ತಲಾಗುತ್ತದೆ. ಅಲ್ಲಿ 2 ಮಿ.ಮೀ. ಅಥವಾ ಇನ್ನೂ ಅಗಲದ್ದು ವಾಸಿ. ಬದಲಿಸಬಹುದಾದ ಕಿಂಡಿಯ ಬಿಲ್ಲೆಗಳಿರುವ ಸೈಟನ್ನೇ ಕೊಳ್ಳುವುದು ಜಾಣತನ.

ಕಿಂಡಿಯ ಸೈಟು ಕೂರಿಸಲೆಂದು ಅಜ್ಜನ ಕಾಲದ ಕೋವಿಗೆ ತೂತು ಕೊರೆಯುವುದು ಸಲ್ಲದು. ಅಂಥದ್ದರಲ್ಲಿ ಕಚ್ಚನ್ನು ಮುಂದಕ್ಕೆ ಸರಿಸಿ, ಕಣ್ಣಿನಿಂದ ದೂರ ಮಾಡಿದರೆ ಅಂಚು ತಿಳಿಯಾಗುತ್ತದೆ. ಸೈಟುಗಳ ಅಂತರ ಕುಗ್ಗುವುದು ಅದರ ಬೆಲೆ. ಫೋರ್‌ಸೈಟಿನ ಮುಖ ಚಪ್ಪಟೆಯಾಗಿರಲಿ. ಗುಂಡಗಿನ ಹೊಳಪು ಮಣಿ ಬೆಳಕು ಬಿದ್ದ ಮಗ್ಗುಲಲ್ಲಷ್ಟೇ ಮಿನುಗಿ ಗುರಿಯನ್ನು ಪಕ್ಕಕ್ಕೆ ಎಳೆಯುತ್ತದೆ.

ಪ್ರೋಗ್ರೆಸಿವ್ ಕನ್ನಡಕ ಗುಂಡು ಹೊಡೆಯುವುದಕ್ಕೆ ಒಗ್ಗುವುದಿಲ್ಲ. ಕೆನ್ನೆ ಕೋವಿಯ ಹಿಂಬದಿಯ ಹಿಡಿಗೆ ತಾಗಿದಾಗ ನೋಟ ಗಾಜಿನ ಮೇಲಂಚಿನಿಂದ, ಮೂಗಿನ ಕಡೆಯಿಂದ ಹಾಯುತ್ತದೆ. ದೂರದೃಷ್ಟಿಯ ನಂಬರಿಗೆ +0.5 ಸೇರಿಸಿದ ಒಂದೇ ನಂಬರಿನ ಗಾಜು, ಹೆಚ್ಚೂಕಡಿಮೆ 2 ಮೀಟರಿಗೆ ಸರಿಹೊಂದಿ, ಫೋರ್‌ಸೈಟ್ ಮತ್ತು ಗುರಿ ಎರಡನ್ನೂ ಸಹನೀಯವಾಗಿಸುತ್ತದೆ. ಕಣ್ಣಿನಿಂದ ಫೋರ್‌ಸೈಟಿಗಿರುವ ಅಂತರವನ್ನು ಮನೆಯಲ್ಲೇ ಟೇಪಿನಿಂದ ಅಳೆದು ನೇತ್ರವೈದ್ಯರಿಗೆ ತಿಳಿಸಿದರೆ ನಂಬರನ್ನು ಇನ್ನಷ್ಟು ಹದಗೊಳಿಸಬಹುದು.

ಪೊರೆ ಬಂದ ಕಣ್ಣಿಗೆ ಮೊದಲು ಚಿಕಿತ್ಸೆ ಬೇಕು. ಮಬ್ಬಾದ ಮಸೂರವನ್ನು ಯಾವ ಸೈಟೂ ತಿಳಿಯಾಗಿಸದು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಕಾಣದಷ್ಟು ದೃಷ್ಟಿ ಕುಂದಿದ್ದರೆ ಗುಂಡು ಹಾರಿಸಲೇಬಾರದು. ದೂರ ಚೆನ್ನಾಗಿ ಕಂಡು ಸೈಟು ಮಾತ್ರ ಕಾಣದವರಿಗೆ ಕೆಂಪು ಚುಕ್ಕಿ ತೋರುವ ರೆಡ್ ಡಾಟ್ ಸೈಟು ಇದೆ. ಪಂದ್ಯದ ನಿಯಮ ಅದಕ್ಕೆ ಒಪ್ಪುತ್ತದೆಯೇ ಎಂದು ಕೊಳ್ಳುವ ಮುನ್ನ ವಿಚಾರಿಸಬೇಕು.