ಮಕ್ಕಳ ಕೈಗೆ ಕೋವಿ ಯಾವಾಗ?

ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬಕ್ಕೆ ದೊಡ್ಡವರು ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ಕಂಡ ಮಕ್ಕಳು ‘ನಮಗೂ ಕಲಿಸಿ’ ಎಂದು ಹಟ ಹಿಡಿಯುತ್ತಾರೆ. ಆಗ ವಯಸ್ಸಿಗಿಂತ ನಡತೆಯನ್ನು ನೋಡಿರಿ. ಒಂದು ತಿಂಗಳು ಕೋವಿಯ ಬದಲು ಬರಿಯ ಕೋಲನ್ನು ಕೊಡಿರಿ. ಅದರ ತುದಿ ಯಾವಾಗಲೂ ನೆಲದ ಕಡೆಗಿರಬೇಕು. ಮಗು ಆಟದಲ್ಲಿ ಮೈಮರೆತಿರುವಾಗ ಹಿಂದಿನಿಂದ ಹೆಸರು ಹಿಡಿದು ಕೂಗಿರಿ. ತಿರುಗುವಾಗ ಕೋಲೂ ನಿಮ್ಮೆದೆಗೆ ತಿರುಗಿತೇ? ಇನ್ನೂ ಕಾಲ ಬಂದಿಲ್ಲ. ‘ಕೋವಿ ಖಾಲಿ’ ಎಂದು ನೀವೇ ಹೇಳಿದರೂ ತೆರೆದು ನೋಡುವ, ಗುರಿಯ ಹಿಂದೆ ಏನಿದೆಯೆಂದು ಮೊದಲು ಕೇಳುವ ಮಗು ಸಿದ್ಧವಾಗಿದೆ. ಅದನ್ನು ಅಧಿಕಪ್ರಸಂಗವೆಂದು ಗದರಬೇಡಿರಿ. ಆದರೂ ಕಲಿಕೆ ರೈಫಲ್ ಕ್ಲಬ್ಬಿನ ತರಬೇತುದಾರರ ಕಣ್ಣೆದುರಿಗೇ ಆಗಲಿ. 21 ವರ್ಷ ತುಂಬುವ ತನಕ ಸ್ವಂತ ಕೋವಿಗೆ ಕಾನೂನಿನ ಒಪ್ಪಿಗೆಯಿಲ್ಲ. ಮನೆಯಲ್ಲಿ ತೋಟಾ ಬೇರೆ ಪೆಟ್ಟಿಗೆಯಲ್ಲಿರಲಿ, ಬೀಗದ ಕೈ ನಿಮ್ಮ ಸೊಂಟದಲ್ಲಿರಲಿ.