ತೋರಿಸಿ, ಆದರೆ ಕೊಡಬೇಡಿ: ಮದ್ಯದಂಗಡಿಯಲ್ಲಿ ವಯಸ್ಸಿನ ದಾಖಲೆ ಕೇಳಿದಾಗ

ನಿಮಗೆ ಇಪ್ಪತ್ತಾರು. ಕೆಲಸದಲ್ಲಿದ್ದೀರಿ, ತೆರಿಗೆ ಕಟ್ಟುತ್ತೀರಿ, ಎರಡು ಸಲ ವೋಟು ಹಾಕಿದ್ದೀರಿ. ಗಡ್ಡ ನುಣ್ಣಗೆ ಬೋಳಿಸಿಕೊಂಡ ದಿನವೇ ವೈನ್ ಶಾಪ್‌ನ ಕಂಬಿಯ ಹಿಂದಿನಿಂದ ಮಾತು ಬರುತ್ತದೆ: "ಐಡಿ ಇದ್ಯಾ ಬಾಸ್?" ಪಕ್ಕದಲ್ಲಿ ನಿಂತವರು ಕಿಸಕ್ಕನೆ ನಗುತ್ತಾರೆ. ಆಗ ಹೆಚ್ಚಿನವರ ಬಾಯಿಗೆ ಬರುವುದು ಒಂದೇ ಮಾತು: "ಕೇಳೋಕೆ ನೀನ್ಯಾರು?"

ಕಾನೂನಿನ ದೃಷ್ಟಿಯಿಂದ ಅದು ಒಳ್ಳೆಯ ಪ್ರಶ್ನೆಯೇ, ಉತ್ತರ ಮಾತ್ರ ಕೇಳಿದವರಿಗೆ ಹಿಡಿಸಲಿಕ್ಕಿಲ್ಲ. ಅವನು ಕೇಳಬಹುದು. ಕೇಳದೆ ಮಾರಿ ಸಿಕ್ಕಿಬಿದ್ದರೆ ಕುತ್ತು ಬರುವುದು ಅವನ ಸನ್ನದಿಗೆ. ಆದರೆ ಅವನ ಅಧಿಕಾರ ನಿಮ್ಮ ಮುಖವನ್ನೂ ಹುಟ್ಟಿದ ದಿನವನ್ನೂ ಹೋಲಿಸಿ ನೋಡುವಲ್ಲಿಗೆ ಮುಗಿಯಿತು. ಕಾರ್ಡನ್ನು ಇಟ್ಟುಕೊಳ್ಳುವುದು, ಅದರ ಫೋಟೊ ತೆಗೆಯುವುದು, ಫೋನ್ ನಂಬರ್ ಬರೆದುಕೊಳ್ಳುವುದು ಇವೆಲ್ಲ ಬೇರೆ ಮಾತು. ಗೊಂದಲವೆಲ್ಲ ಹುಟ್ಟುವುದು ಈ ಎರಡನ್ನು ಒಂದೇ ಎಂದುಕೊಂಡಾಗ.

ಮೊದಲು ವಯಸ್ಸಿನ ವಿಷಯ. ಕರ್ನಾಟಕದ ಕಾನೂನು ಪುಸ್ತಕದಲ್ಲಿ ಇದಕ್ಕೆ ಎರಡು ಅಂಕಿಗಳಿವೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 36ನೇ ಕಲಂ, 18 ವರ್ಷದೊಳಗಿನವರಿಗೆ ಮದ್ಯ ಮಾರುವ ಸನ್ನದುದಾರನನ್ನು ಶಿಕ್ಷಿಸುತ್ತದೆ. ಅದೇ ಕಾಯ್ದೆಯಡಿ 1967ರಲ್ಲಿ ಬಂದ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮ 10(1)(ಇ) ಮಾತ್ರ, 21 ತುಂಬದವರಿಗೆ ಮಾರಲೇಬಾರದು ಎನ್ನುತ್ತದೆ. ತಾಯಿ ಕಾಯ್ದೆಯಲ್ಲಿ ಒಂದು, ಮಗು ನಿಯಮದಲ್ಲಿ ಇನ್ನೊಂದು. ಈ ವ್ಯತ್ಯಾಸ ಸರಿಪಡಿಸುತ್ತೇವೆಂದು ಸರ್ಕಾರ 2023ರ ಜನವರಿಯಲ್ಲಿ ನಿಯಮದ 21ನ್ನು 18ಕ್ಕೆ ಇಳಿಸುವ ಕರಡು ಹೊರಡಿಸಿತು. ಜನರಿಂದ ಆಕ್ಷೇಪಗಳ ಸುರಿಮಳೆಯಾಯಿತು, ಕೆಲವೇ ದಿನಗಳಲ್ಲಿ ಕರಡನ್ನು ಕೈಬಿಡಬೇಕಾಯಿತು. ಚುನಾವಣೆ ನಾಲ್ಕು ತಿಂಗಳು ದೂರವಿದ್ದ ಕಾಲ, ಯಾರಿಗೆ ತಾನೆ ಧೈರ್ಯ ಬಂದೀತು? ಹಾಗಾಗಿ ಕೌಂಟರ್‌ನಲ್ಲಿ ನಡೆಯುವ ಲೆಕ್ಕ ಇಂದಿಗೂ 21ರದ್ದೇ. ಅಂಗಡಿಯವನು ಸನ್ನದಿನ ಷರತ್ತಿಗೆ ಕಟ್ಟುಬಿದ್ದವನು. "ಕಾಯ್ದೆಯಲ್ಲಿ 18 ಅಂತಿದೆ ಸರ್" ಎಂದು ನೀವು ವಾದಿಸಿ ಗೆದ್ದರೂ ಬಾಟಲಿ ಸಿಗುವುದಿಲ್ಲ.

19 ವರ್ಷದ ವಯಸ್ಕನಿಗೆ ಇದು ಅನ್ಯಾಯ ಎನ್ನಿಸಬಹುದು. 1875ರ ಭಾರತೀಯ ಪ್ರಾಪ್ತವಯಸ್ಕತೆ ಕಾಯ್ದೆಯ ಪ್ರಕಾರ 18ಕ್ಕೇ ಅವನು ಪೂರ್ಣ ನಾಗರಿಕ. ಮದ್ಯದ ವಿಷಯದಲ್ಲಿ ಮಾತ್ರ ನ್ಯಾಯಾಲಯಗಳು ರಾಜ್ಯಗಳ ಕೈಗೆ ಉದ್ದನೆಯ ಹಗ್ಗ ಕೊಟ್ಟಿವೆ. ಮಾದಕ ಪಾನೀಯ ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 8ನೇ ನಮೂದು. 47ನೇ ವಿಧಿ ಪಾನನಿಷೇಧದತ್ತ ಹೆಜ್ಜೆ ಹಾಕುವಂತೆ ಸರ್ಕಾರಗಳಿಗೆ ಹೇಳುತ್ತದೆ. ನಮ್ಮದೇ ರಾಜ್ಯದಿಂದ ಹೋದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ, ಕುಡಿಯುವ ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಹೇಳಿತು; ಆ ತೀರ್ಪು 1995ರ ವರದಿಗಳಲ್ಲಿದೆ. ಮಾರುವವನಿಗೇ ಇಲ್ಲದ ಹಕ್ಕು ಕೊಳ್ಳುವವನಿಗೆ ಎಲ್ಲಿಂದ ಬಂದೀತು?

ಹಾಗಾದರೆ ಅಂಗಡಿಯವನು ಅಷ್ಟೇಕೆ ಹೆದರಬೇಕು? ಅಬಕಾರಿ ಇಲಾಖೆಯ ದಂಡ, ಸನ್ನದು ಅಮಾನತು ಒಂದು ಕಾರಣ. ಅದಕ್ಕಿಂತ ದೊಡ್ಡದು 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ. 18 ತುಂಬದ ಮಗುವಿಗೆ ವೈದ್ಯರ ಚೀಟಿಯಿಲ್ಲದೆ ಮದ್ಯ ಕೊಟ್ಟರೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಇಲ್ಲಿ ಓದುಗರು ಒಂದು ಪದ ಗಮನಿಸಬೇಕು. ಕಾಯ್ದೆ ಹೇಳುವುದು "ಮಾರುವವನು" ಎಂದಲ್ಲ, "ಕೊಡುವವನು" ಎಂದು. ಮದುವೆ ಮನೆಯ ಹಿಂದೆ ಹದಿನಾರರ ಅಕ್ಕನ ಮಗನಿಗೆ "ಒಂದು ಗುಟುಕು ಹಾಕೋ, ಗಂಡಸಾಗು" ಎನ್ನುವ ಮಾವನೂ ಅದರೊಳಗೆ ಬರುತ್ತಾನೆ. 78ನೇ ಕಲಂ ಮದ್ಯವನ್ನು ಮಾರಲು, ಸಾಗಿಸಲು, ತಂದುಕೊಡಲು ಮಕ್ಕಳನ್ನು ಬಳಸುವುದಕ್ಕೂ ಅಷ್ಟೇ ಶಿಕ್ಷೆ ಇಟ್ಟಿದೆ. "ಓಡ್ಹೋಗಿ ಒಂದು ಕ್ವಾರ್ಟರ್ ತಗೊಂಬಾ" ಎಂದು ಹುಡುಗನ ಕೈಗೆ ದುಡ್ಡು ತುರುಕುವ ಹಿರಿಯರು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಆ ಹುಡುಗನಿಗೆ ಇಲ್ಲ ಎನ್ನುವ ಅಂಗಡಿಯವನನ್ನು ಬೈಯುವುದಕ್ಕಿಂತ, ಅವನಿಗೊಂದು ನಮಸ್ಕಾರ ಹೇಳುವುದು ವಾಸಿ.

ವಯಸ್ಸು ಕೇಳುವುದು ತಾರತಮ್ಯವಲ್ಲವೇ ಎಂದು ಕೆಲವರು ಸಂವಿಧಾನ ಹಿಡಿದು ಬರುತ್ತಾರೆ. 15(2)ನೇ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರ ಗೃಹಗಳಿಗೆ ಪ್ರವೇಶ ತಡೆಯಬಾರದೆಂದು ಹೇಳುವುದು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕೆ. ವಯಸ್ಸು ಆ ಪಟ್ಟಿಯಲ್ಲಿಲ್ಲ. ಲಿಂಗ ಇದೆ. ಆದ್ದರಿಂದ ಮೂವತ್ತರ ಹೆಣ್ಣುಮಗಳು ಕೌಂಟರ್ ಮುಂದೆ ನಿಂತಾಗ "ಲೇಡೀಸಿಗೆ ಕೊಡಲ್ಲ ಮೇಡಂ, ಮನೆಯಿಂದ ಯಾರನ್ನಾದ್ರೂ ಕಳಿಸಿ" ಎಂದರೆ ಅದು ವಯಸ್ಸಿನ ತಪಾಸಣೆಯಲ್ಲ, ನೇರ ತಾರತಮ್ಯ. ಗಂಡಸರನ್ನು ಏನೂ ಕೇಳದೆ ಬಿಟ್ಟು ಹೆಂಗಸರ ಹತ್ತಿರ ಮಾತ್ರ ಕಾರ್ಡು ಕೇಳುವುದೂ ಅದೇ ದಾರಿ ಹಿಡಿದಂತೆ. ಮದ್ಯ ಬಡಿಸುವ ಜಾಗದಲ್ಲಿ ಹೆಂಗಸರನ್ನೂ 25ರೊಳಗಿನ ಗಂಡಸರನ್ನೂ ಕೆಲಸಕ್ಕಿಡಬಾರದು ಎಂದಿದ್ದ ಹಳೆಯ ಪಂಜಾಬ್ ಅಬಕಾರಿ ಕಾಯ್ದೆಯ ಕಲಮನ್ನು ಸುಪ್ರೀಂ ಕೋರ್ಟ್ 2007ರ ಡಿಸೆಂಬರ್‌ನಲ್ಲಿ ಅನುಜ್ ಗರ್ಗ್ ಪ್ರಕರಣದಲ್ಲಿ ಒಪ್ಪಲಿಲ್ಲ. ರಕ್ಷಣೆಯ ಹೆಸರಿನಲ್ಲಿ ಹೆಣ್ಣಿನ ಆಯ್ಕೆ ಕಸಿಯುವುದನ್ನು ಅಲ್ಲಿ ನ್ಯಾಯಮೂರ್ತಿಗಳು ಕಟುವಾಗಿಯೇ ಟೀಕಿಸಿದ್ದಾರೆ.

ಇನ್ನು ಕಾರ್ಡುಗಳ ಮಾತು. ಬೇಕಾದ್ದು ಎರಡೇ: ನಿಮ್ಮ ಮುಖ, ಪೂರ್ತಿ ಹುಟ್ಟಿದ ದಿನಾಂಕ. ನನ್ನ ಆಯ್ಕೆ ಪ್ಯಾನ್ ಕಾರ್ಡ್, ಅದರಲ್ಲಿ ಮನೆ ವಿಳಾಸವೇ ಇಲ್ಲ. ಅಪರಿಚಿತನ ಮುಂದೆ ಕಾರ್ಡು ಹಿಡಿಯುವಾಗ, ಅದರಲ್ಲೂ ಒಬ್ಬಳೇ ಇರುವ ಹೆಣ್ಣುಮಗಳಿಗೆ, ಅದು ಸಣ್ಣ ಸಂಗತಿಯಲ್ಲ. ಚಾಲನಾ ಪರವಾನಗಿ ಆಗುತ್ತದೆ. ಆದರೆ "ಡಿಎಲ್ ಇದೆ ಅಂದ್ಮೇಲೆ ದೊಡ್ಡವನೇ ಅಲ್ವಾ" ಎಂಬ ವಾದ ನಿಲ್ಲುವುದಿಲ್ಲ, ಏಕೆಂದರೆ ಡಿಎಲ್ 18ಕ್ಕೇ ಸಿಗುತ್ತದೆ. ಹಳೆಯ ವೋಟರ್ ಕಾರ್ಡುಗಳಲ್ಲಿ ಹುಟ್ಟಿದ ದಿನದ ಬದಲು ಯಾವುದೋ ವರ್ಷದ ಜನವರಿ 1ಕ್ಕೆ ಇಷ್ಟು ವಯಸ್ಸು ಎಂದಿರುತ್ತದೆ, ಕೌಂಟರ್ ಹುಡುಗ ಅದನ್ನು ಕೂಡಿ ಕಳೆದು ನೋಡುತ್ತಾ ಕೂರುವುದಿಲ್ಲ. ಕಾಲೇಜು ಐಡಿ, ಕಂಪನಿ ಐಡಿ ಸರ್ಕಾರಿ ದಾಖಲೆಗಳಲ್ಲ, ಬೇಡ ಎಂದರೆ ತಪ್ಪಿಲ್ಲ.

ಆಧಾರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ 2012ರಲ್ಲಿ ಹೂಡಿದ ಅರ್ಜಿಯಿಂದ ಶುರುವಾದ ವ್ಯಾಜ್ಯ ಎರಡು ದೊಡ್ಡ ತೀರ್ಪುಗಳನ್ನು ಕೊಟ್ಟಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ, ಖಾಸಗಿ ಕಂಪನಿಗಳು ಆಧಾರ್ ದೃಢೀಕರಣ ಬಳಸಲು ದಾರಿ ಮಾಡಿಕೊಟ್ಟಿದ್ದ 57ನೇ ಕಲಂನ ಭಾಗ ಬಿದ್ದುಹೋಯಿತು. ಹೀಗಾಗಿ ನೀವಾಗಿಯೇ ಆಧಾರ್ ತೋರಿಸಿದರೆ ಅಡ್ಡಿಯಿಲ್ಲ. "ಆಧಾರೇ ಬೇಕು, ಬೇರೆ ನಡೆಯಲ್ಲ" ಎಂದು ಪಬ್ಬಿನವನು ಪಟ್ಟು ಹಿಡಿಯುವಂತಿಲ್ಲ. ತೋರಿಸುವುದಾದರೆ ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಇಳಿಸಿಟ್ಟುಕೊಳ್ಳಿ. ಇನ್ನೊಂದು ತೊಡಕು: ಹಳೆಯ ಆಧಾರ್‌ಗಳಲ್ಲಿ ಹುಟ್ಟಿದ ವರ್ಷ ಮಾತ್ರ ಇರುತ್ತದೆ. 21ರ ಅಂಚಿನಲ್ಲಿರುವವರಿಗೆ ಅದು ಉಪಯೋಗಕ್ಕೆ ಬಾರದು. ಅಷ್ಟಕ್ಕೂ ಆಧಾರ್ ಗುರುತಿಗೆ ಹೊರತು ಹುಟ್ಟಿದ ದಿನಕ್ಕೆ ಪುರಾವೆಯಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತ ಪರಿಹಾರ ಪ್ರಕರಣದಲ್ಲಿ ಹೇಳಿದೆ.

ಪರ್ಸ್ ಮರೆತು ಬಂದವರಿಗೆ ಡಿಜಿಲಾಕರ್ ಇದೆ. ಅದರಲ್ಲಿ "ಇಶ್ಯೂಡ್" ವಿಭಾಗಕ್ಕೆ ಬಂದ ದಾಖಲೆಗಳಿಗೆ ಮೂಲ ದಾಖಲೆಯ ಬೆಲೆಯೇ ಇದೆ. ನೀವೇ ಸ್ಕ್ಯಾನ್ ಮಾಡಿ ಏರಿಸಿದ್ದಕ್ಕಾಗಲಿ, ಗ್ಯಾಲರಿಯಲ್ಲಿರುವ ಮಸುಕು ಫೋಟೊಕ್ಕಾಗಲಿ ಆ ಬೆಲೆಯಿಲ್ಲ. ಆ್ಯಪ್ ತೆರೆದು ತೋರಿಸಿ, ಸ್ಕ್ರೀನ್‌ಶಾಟ್ ಬೇಡ. ಫೋನನ್ನು ಮಾತ್ರ ಕೈಬಿಡಬೇಡಿ.

ಈಗ ಕೊಡುವ ವಿಷಯ. ಕೆಲವು ಪಬ್ಬುಗಳ ಬಾಗಿಲಲ್ಲಿ ಬೌನ್ಸರ್ ಕಾರ್ಡು ಪಡೆದು "ಹೋಗುವಾಗ ತಗೊಳ್ಳಿ" ಎನ್ನುತ್ತಾನೆ. ಬೇಡ ಎನ್ನಿ. ಬೌನ್ಸರ್ ಖಾಸಗಿ ನೌಕರ. ನಿಮ್ಮನ್ನು ಒಳಗೆ ಬಿಡದಿರಬಹುದು, ನಿಮ್ಮ ವಸ್ತುವನ್ನು ಹಿಡಿದಿಟ್ಟುಕೊಳ್ಳಲಾರ. ಪಾಸ್‌ಪೋರ್ಟಂತೂ ನಿಮ್ಮದೂ ಅಲ್ಲ, ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಂ ಪ್ರಕಾರ ಅದು ಕೇಂದ್ರ ಸರ್ಕಾರದ ಸ್ವತ್ತು. ಅದನ್ನು ಒತ್ತೆ ಇಡುವ ಮಾತೇ ಇಲ್ಲ. ಬಿಲ್ ಜಗಳಕ್ಕೋ ಐಡಿ ಜಗಳಕ್ಕೋ ನಿಮ್ಮನ್ನು ಹೊರಗೆ ಹೋಗಲು ಬಿಡದೆ ಅಡ್ಡ ನಿಂತರೆ, ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಂ ಅಡಿ ಅದು ಅಕ್ರಮ ತಡೆ: ಒಂದು ತಿಂಗಳವರೆಗೆ ಸಾದಾ ಸಜೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 112ಕ್ಕೆ ಕರೆ ಮಾಡುವುದಕ್ಕೆ ಅಷ್ಟು ಕಾರಣ ಸಾಕು. ಕಾರ್ಡನ್ನು ಟ್ಯಾಬ್‌ನಲ್ಲಿ ಸ್ಕ್ಯಾನ್ ಮಾಡಿಕೊಳ್ಳುವ ಚಾಳಿ ಹೊಸದು. ನೋಡಿ ವಾಪಸ್ ಕೊಟ್ಟರೆ ವಯಸ್ಸು ಖಾತ್ರಿಯಾಯಿತು, ಉಳಿಸಿಕೊಂಡರೆ ಅದು ನಿಮ್ಮ ದತ್ತಾಂಶದ ಸಂಗ್ರಹ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಅದರಡಿ 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಹಂತಹಂತವಾಗಿ ಜಾರಿಗೆ ಬರುತ್ತಿವೆ. ಉದ್ದೇಶ ತಿಳಿಸಿ ಒಪ್ಪಿಗೆ ಪಡೆಯುವುದು ಅವುಗಳ ತಿರುಳು. "ಯಾಕೆ ಬೇಕು, ಎಷ್ಟು ದಿನ ಇಟ್ಕೊಳ್ತೀರಿ?" ಎಂದು ಕೇಳಿ. ಹತ್ತರಲ್ಲಿ ಒಂಬತ್ತು ಕಡೆ ಆ ಪ್ರಶ್ನೆಗೇ ಟ್ಯಾಬ್ ಕೆಳಗಿಳಿಯುತ್ತದೆ ಎಂಬುದು ನನ್ನ ಅಂದಾಜು.

ಹುಟ್ಟುಹಬ್ಬದ ರಾತ್ರಿಯ ಲೆಕ್ಕ ಹೇಗೆ? ಪ್ರಾಪ್ತವಯಸ್ಕತೆ ಕಾಯ್ದೆ ಹುಟ್ಟಿದ ದಿನವನ್ನು ಪೂರ್ತಿ ದಿನವಾಗಿ ಎಣಿಸಿ, ವರ್ಷ ತುಂಬುವ ದಿನ ಶುರುವಾಗುತ್ತಲೇ ವಯಸ್ಸು ಬಂತು ಎನ್ನುತ್ತದೆ. 21ಕ್ಕೂ ಅದೇ ರೀತಿ ಎಣಿಸಿದರೆ, ಹುಟ್ಟಿದ್ದು ಸಂಜೆ ಏಳಕ್ಕಾದರೂ ಬೆಳಿಗ್ಗೆ ಅಂಗಡಿ ತೆರೆದಾಗಲೇ ನೀವು ಅರ್ಹರು. ಹಿಂದಿನ ರಾತ್ರಿ ಹನ್ನೊಂದಕ್ಕೆ ಅಲ್ಲ.

ಅಣ್ಣನ ಕಾರ್ಡು ಹಿಡಿದು ಹೋಗುವ, ಫೋಟೊಶಾಪ್‌ನಲ್ಲಿ ಇಸವಿ ತಿದ್ದುವ ಹುಡುಗರಿಗೆ ಇದು ತಮಾಷೆಯಾಗಿ ಕಾಣುತ್ತದೆ. ನ್ಯಾಯ ಸಂಹಿತೆಯ 337ನೇ ಕಲಂ ವೋಟರ್ ಕಾರ್ಡ್, ಆಧಾರ್‌ಗಳನ್ನು ಹೆಸರಿಸಿಯೇ, ಸರ್ಕಾರಿ ಗುರುತಿನ ದಾಖಲೆ ನಕಲಿ ಮಾಡಿದರೆ ಏಳು ವರ್ಷದವರೆಗೆ ಸಜೆ ಎನ್ನುತ್ತದೆ. ನಕಲಿಯೆಂದು ಗೊತ್ತಿದ್ದೂ ಅಸಲಿಯಂತೆ ಬಳಸಿದವನಿಗೂ 340ನೇ ಕಲಂ ಅದೇ ಶಿಕ್ಷೆ ಕೊಡುತ್ತದೆ. ಇನ್ನೊಬ್ಬರ ಸೋಗು ಹಾಕಿ ವಂಚಿಸುವುದಕ್ಕೆ 319ನೇ ಕಲಂ ಇದೆ, ಐದು ವರ್ಷದವರೆಗೆ. ಒಂದು ಬಿಯರ್‌ಗಾಗಿ ಪಾಸ್‌ಪೋರ್ಟ್ ಪರಿಶೀಲನೆ ದಿನ ಎಫ್‌ಐಆರ್ ಎದುರಾಗುವುದು ಯಾರಿಗೆ ಬೇಕು?

ಕಾರ್ಡು ಸರಿಯಿದ್ದೂ ಮಾರಲಿಲ್ಲ ಎನ್ನಿ. ಬರೀ ನಿರಾಕರಣೆಗೆ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿದರೆ ಪ್ರಯೋಜನ ಕಡಿಮೆ. ದುಡ್ಡು ಕೈಬದಲಾದಲ್ಲಿ ಮಾತು ಬೇರೆ. ಕವರ್ ಚಾರ್ಜ್ ಕಟ್ಟಿಸಿಕೊಂಡ ಮೇಲೆ ಐಡಿ ನೆಪ ಹೇಳಿ ಹೊರಗಟ್ಟಿ ಹಣ ಮರಳಿಸದಿದ್ದರೆ, ಅಥವಾ "ಐಡಿ ಇಲ್ವಾ? ಇಪ್ಪತ್ತು ರೂಪಾಯಿ ಜಾಸ್ತಿ ಆಗುತ್ತೆ" ಎಂದು ಎಂಆರ್‌ಪಿ ಮೀರಿ ವಸೂಲು ಮಾಡಿದರೆ, ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ. ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮಕ್ಕಳಿಗೆ ಮಾರುವುದು, ಹೆಂಗಸರನ್ನು ಹಿಂದೆ ಕಳಿಸುವುದು ಇಂಥವನ್ನು ಆಯಾ ವಲಯದ ಅಬಕಾರಿ ನಿರೀಕ್ಷಕರಿಗೆ, ಅವರಿಂದಾಗದಿದ್ದರೆ ಜಿಲ್ಲೆಯ ಅಬಕಾರಿ ಉಪ ಆಯುಕ್ತರಿಗೆ ಬರೆದುಕೊಡಿ. ರಾಜ್ಯ ಸರ್ಕಾರದ ಕುಂದುಕೊರತೆ ಸಹಾಯವಾಣಿ 1902 ಕೂಡ ಇದೆ. ಅಂಗಡಿಯ ಹೆಸರಿನ ಜೊತೆ ಬೋರ್ಡಿನ ಮೇಲಿನ ಸನ್ನದು ಸಂಖ್ಯೆ (ಸಿಎಲ್-2, ಸಿಎಲ್-9, ಎಂಎಸ್‌ಐಎಲ್ ಆದರೆ ಸಿಎಲ್-11ಸಿ), ದಿನಾಂಕ, ಸಮಯ ಬರೆಯಿರಿ. ಇವಿಲ್ಲದ ದೂರು ಕಡತದಲ್ಲೇ ಮಲಗುತ್ತದೆ.

ಗಡಿ ದಾಟುವವರಿಗೆ ಎರಡು ಮಾತು. ಕಾರವಾರದಿಂದ ಗೋವಾಕ್ಕೆ ಹೋದರೆ 18, ಮಂಗಳೂರಿಂದ ಕಾಸರಗೋಡಿಗೆ ಇಳಿದರೆ 23, ಹೊಸೂರಲ್ಲಿ 21, ದೆಹಲಿಯಲ್ಲಿ 25. ನಿಮ್ಮ ಊರಿನ ವಯಸ್ಸು ಅಲ್ಲಿ ನಡೆಯದು. ಮಾರುವ ಜಾಗದಲ್ಲಿ ವಯಸ್ಸಿನ ತಪಾಸಣೆ ಕಡ್ಡಾಯವಾಗಬೇಕೆಂಬ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಕೇಂದ್ರಕ್ಕೆ ನೋಟಿಸ್ ಕೊಟ್ಟಿದೆ. ಹೊರದೇಶಕ್ಕೆ ಓದಲು, ಕೆಲಸಕ್ಕೆ ಹೋದ ನಮ್ಮ ಹುಡುಗರಿಗೆ ಅಲ್ಲಿನ ಕಟ್ಟುನಿಟ್ಟು ವಿಚಿತ್ರ ಎನಿಸುತ್ತದೆ. ಬ್ರಿಟನ್‌ನಲ್ಲಿ ವಯಸ್ಸು 18 ಆದರೂ "ಚಾಲೆಂಜ್ 25" ಪದ್ಧತಿಯಂತೆ 25ಕ್ಕಿಂತ ಚಿಕ್ಕವರಾಗಿ ಕಂಡವರನ್ನೆಲ್ಲ ಕೇಳುತ್ತಾರೆ. ಅಮೆರಿಕದಲ್ಲಿ 21, ಎಷ್ಟೋ ಅಂಗಡಿಗಳಲ್ಲಿ ತಲೆ ನರೆತವರಿಗೂ ವಿನಾಯಿತಿಯಿಲ್ಲ. ಆಧಾರ್, ಪ್ಯಾನ್ ಅಲ್ಲಿ ಬರೀ ಪ್ಲಾಸ್ಟಿಕ್ಕು, ಪಾಸ್‌ಪೋರ್ಟ್ ಒಯ್ಯಿರಿ. ಅಮೆರಿಕದವರು ತಿಂಗಳನ್ನು ಮೊದಲು ಓದುವುದರಿಂದ, ಜುಲೈ 3ಕ್ಕೆ ಹುಟ್ಟಿದವರ ಭಾರತದ ಡಿಎಲ್‌ನಲ್ಲಿರುವ 03/07 ಅವರಿಗೆ ಮಾರ್ಚ್ 7 ಆಗಿ ಕಾಣಬಹುದು. ಪಾಸ್‌ಪೋರ್ಟ್‌ನ ಪುಟ ತೆರೆದು ಬೆರಳಿಟ್ಟು ತೋರಿಸಿದರೆ ಸಾಲು ಬೇಗ ಮುಂದೆ ಸಾಗುತ್ತದೆ.